ವಿಯೆನ್ನಾದ ನವೆಂಬರ್ ಮತ್ತು ಹೆಸರಿಲ್ಲದ ಸಮಾಧಿಗಳು



ಯುರೋಪಿನ ಮಹಾನಗರಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಬೇಸಿಗೆಯನ್ನು ಆರಿಸಿಕೊಳ್ಳುತ್ತಾರೆ, ಇಲ್ಲವೇ ಕ್ರಿಸ್‌ಮಸ್ ದೀಪಗಳು ಬೆಳಗುವ ಡಿಸೆಂಬರನ್ನು. ಇವೆರಡರ ನಡುವೆ, ಮರಗಳು ಎಲೆಯುದುರಿಸಿ ಬೋಳಾಗಿ ನಿಂತಿರುವ ನವೆಂಬರಿನಲ್ಲಿ, ಜೊತೆಗಾರರಿಲ್ಲದೆ ಹೊರಡುವವರು ವಿರಳ. ಆದರೆ ನಗರವೊಂದರ ವೈಭವಕ್ಕಿಂತ ಅದರ ಅಂತರಂಗವನ್ನು ಅರಿಯಬೇಕೆಂಬ ಆಸೆ ನಿಮಗಿದ್ದರೆ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಈ ತಿಂಗಳಲ್ಲೇ ಹೋಗಬೇಕು. ಆಗ ಅಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೀದಿಯ ಮೂಲೆಗಳಲ್ಲಿ ಚೆಸ್ಟ್‌ನಟ್ ಕಾಯಿಗಳನ್ನು ಬಿಸಿಬಿಸಿಯಾಗಿ ಹುರಿದು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಸಕಲ ಸಂತರ ಹಬ್ಬದಂದು ಇಡೀ ನಗರವೇ ಹೂವು, ಮೇಣದ ದೀಪಗಳನ್ನು ಹಿಡಿದು ಸಮಾಧಿಭೂಮಿಗಳತ್ತ ಹೊರಡುತ್ತದೆ. ಸತ್ತವರನ್ನು ನೆನೆಯುವ ಈ ಊರಿನ ರೀತಿಯಲ್ಲೇ ಅದರ ಚರಿತ್ರೆಯೆಲ್ಲ ಅಡಗಿದೆ.

ನಗರದ ನಡುವೆ ಸಂತ ಸ್ತೇಫನರ ಪ್ರಧಾನಾಲಯವಿದೆ. ಅದರ ದಕ್ಷಿಣ ಗೋಪುರದ ಎತ್ತರ 136 ಮೀಟರ್. 1945ರ ಏಪ್ರಿಲಿನಲ್ಲಿ, ಯುದ್ಧ ಇನ್ನೇನು ಮುಗಿಯಲಿದೆ ಎನ್ನುವಾಗ, ಇದರ ಮೇಲೆ ನೂರು ಗುಂಡುಗಳನ್ನು ಹಾರಿಸಬೇಕೆಂದು ಜರ್ಮನ್ ಸೇನೆಯ ಕ್ಯಾಪ್ಟನ್ ಗೆರ್ಹಾರ್ಡ್ ಕ್ಲಿಂಕಿಖ್ಟ್ ಎಂಬವರಿಗೆ ಆಜ್ಞೆ ಬಂತು. ಅವರು ಅದನ್ನು ಪಾಲಿಸಲು ನಿರಾಕರಿಸಿದರು. ಆದರೂ ಆಲಯ ಉಳಿಯಲಿಲ್ಲ. ಲೂಟಿಕೋರರು ಸಮೀಪದ ಅಂಗಡಿಗಳಿಗೆ ಹಚ್ಚಿದ ಬೆಂಕಿಯ ಕಿಡಿಗಳು ಗಾಳಿಗೆ ಹಾರಿ ಮರದ ಮಾಡನ್ನು ಸುಟ್ಟವು. ಪುಮ್ಮರಿನ್ ಎಂಬ ಮಹಾಗಂಟೆ ಕೆಳಗುರುಳಿ ಒಡೆಯಿತು. 1683ರ ಮುತ್ತಿಗೆಯಲ್ಲಿ ತುರ್ಕರು ಬಿಟ್ಟುಹೋದ ಫಿರಂಗಿಗಳನ್ನು ಕರಗಿಸಿ 1711ರಲ್ಲಿ ಎರಕ ಹೊಯ್ದ ಗಂಟೆಯದು.

ಸೋತು ಹಸಿದಿದ್ದ ದೇಶ ಆಲಯವನ್ನು ಮತ್ತೆ ಕಟ್ಟಿದ ಬಗೆಯನ್ನು ಗಮನಿಸಿ. ಆಸ್ಟ್ರಿಯಾದ ಒಂಬತ್ತು ಪ್ರಾಂತಗಳೂ ಒಂದೊಂದು ಭಾಗದ ಹೊಣೆ ಹೊತ್ತವು. ಒಂದು ಪ್ರಾಂತ ನೆಲಗಲ್ಲನ್ನು ಕೊಟ್ಟಿತು, ಒಂದು ಆಸನಗಳನ್ನು, ಇನ್ನೊಂದು ಕಿಟಕಿಗಳನ್ನು, ಮತ್ತೊಂದು ತೂಗುದೀಪಗಳನ್ನು. ಒಡೆದ ಗಂಟೆಯ ಲೋಹವನ್ನೇ ಮತ್ತೆ ಕರಗಿಸಿ ಹೊಯ್ದ, ಇಪ್ಪತ್ತು ಟನ್ನಿಗೂ ಮಿಕ್ಕ ತೂಕದ ಹೊಸ ಪುಮ್ಮರಿನ್ 1952ರಲ್ಲಿ ವಿಯೆನ್ನಾಕ್ಕೆ ಬಂತು. ವರ್ಷದಲ್ಲಿ ಕೆಲವೇ ದಿನ ಬಾರಿಸುವ ಆ ಗಂಟೆಯ ನಾದವನ್ನು ಸಕಲ ಮೃತರ ಸ್ಮರಣೆಯ ದಿನದಂದು ನೀವು ಕೇಳಬಹುದು.

ಹಾಗೆಂದು ಈ ನಗರ ಸತ್ತವರನ್ನು ಎಂದೆಂದೂ ಹೀಗೆಯೇ ಗೌರವಿಸಿತೆಂದು ತಿಳಿಯಬೇಡಿ. 1780ರ ದಶಕದಲ್ಲಿ ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ ಸುಧಾರಣಾಪ್ರಿಯ. ಊರೊಳಗಿನ ಸಮಾಧಿಭೂಮಿಗಳನ್ನು ಮುಚ್ಚಿಸಿ, ಆರೋಗ್ಯದ ದೃಷ್ಟಿಯಿಂದ ಅವನ್ನು ಹೊರವಲಯಕ್ಕೆ ಸಾಗಿಸಿದ. 1784ರಲ್ಲಿ ಇನ್ನೂ ಮುಂದೆ ಹೋಗಿ, ಶವಗಳನ್ನು ಚೀಲದಲ್ಲಿ ಹೊಲಿದು, ತಳ ತೆರೆದುಕೊಳ್ಳುವ ಪೆಟ್ಟಿಗೆಯಿಂದ ಗುಂಡಿಗೆ ಇಳಿಸಿ, ಅದೇ ಪೆಟ್ಟಿಗೆಯನ್ನು ಮರಳಿ ಬಳಸಬೇಕೆಂದು ಆಜ್ಞಾಪಿಸಿದ. ಮರ ಉಳಿಯುತ್ತದೆ, ಹಣ ಉಳಿಯುತ್ತದೆ, ಅರಸನಿಗೂ ಆಳಿಗೂ ಭೇದವಿರದು ಎಂಬುದು ಅವನ ಲೆಕ್ಕ. ಜನ ಕೆರಳಿದರು. ಮರುವರ್ಷವೇ ಚಕ್ರವರ್ತಿ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಬಡವನಿಗೂ ತನ್ನ ತಾಯಿಯನ್ನು ಅವಳದೇ ಪೆಟ್ಟಿಗೆಯಲ್ಲಿ ಮಣ್ಣಿಗಿಡುವ ಹಕ್ಕಿದೆಯೆಂಬುದನ್ನು ಆ ಜಾಣ ದೊರೆ ಎಣಿಸಿರಲಿಲ್ಲ.

ಸಂಗೀತಗಾರ ಮೊಜಾರ್ಟ್ 1791ರ ಡಿಸೆಂಬರ್ 5ರಂದು, ತನ್ನ 35ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವನನ್ನು ಹೊರವಲಯದ ಸೈಂಟ್ ಮಾರ್ಕ್ಸ್ ಸಮಾಧಿಭೂಮಿಯಲ್ಲಿ ಹೂಳಿದರು. ಕಡುಬಡತನದಿಂದ ಹಾಗಾಯಿತೆಂಬ ಕಥೆ ಪ್ರಚಲಿತವಾಗಿದ್ದರೂ, ಗುರುತಿನ ಕಲ್ಲಿಲ್ಲದ ಸಮಾಧಿ ಆ ಕಾಲದ ಸಾಮಾನ್ಯ ಪದ್ಧತಿಯೇ ಆಗಿತ್ತು. ಇಂದು ಅಲ್ಲೊಂದು ಸ್ಮಾರಕವಿದೆ, ಆದರೆ ದೇಹವಿರುವ ಜಾಗ ನಿಖರವಾಗಿ ಯಾರಿಗೂ ಗೊತ್ತಿಲ್ಲ. ಲೋಕವೆಲ್ಲ ಬಲ್ಲ ಹೆಸರಿಗೂ ಮಣ್ಣಿನಲ್ಲಿ ಗುರುತಿಲ್ಲ!

ಅದೇ ಜೋಸೆಫ್ ಇತರ ಮತದವರಿಗೆ ಆರಾಧನೆಯ ಸ್ವಾತಂತ್ರ್ಯವನ್ನೂ ಕೊಟ್ಟ. ಆದರೆ ಅದು ಅರೆಮನಸ್ಸಿನ ಕೊಡುಗೆ. ಕಥೋಲಿಕೇತರರ ಪ್ರಾರ್ಥನಾ ಮಂದಿರ ಬೀದಿಗೆ ಕಾಣುವಂತಿರಲಿಲ್ಲ. ಆದ್ದರಿಂದ 1826ರಲ್ಲಿ ಯೆಹೂದ್ಯರು ಹಳೆಯ ನಗರದಲ್ಲಿ ತಮ್ಮ ಸಿನಗಾಗನ್ನು ವಾಸದ ಮನೆಗಳ ಸಾಲಿನ ಹಿಂದೆ ಮರೆಮಾಡಿ ಕಟ್ಟಿದರು. ನೂರಹನ್ನೆರಡು ವರ್ಷಗಳ ತರುವಾಯ, 1938ರ ನವೆಂಬರ್ 9ರ ರಾತ್ರಿ, ನಾಜಿಗಳು ವಿಯೆನ್ನಾದ ಸಿನಗಾಗುಗಳಿಗೆ ಬೆಂಕಿಯಿಟ್ಟಾಗ ಇದೊಂದು ಮಾತ್ರ ಉಳಿಯಿತು. ಇದನ್ನು ಸುಟ್ಟರೆ ಅಂಟಿಕೊಂಡಿದ್ದ ಮನೆಗಳೂ ಸುಡುತ್ತಿದ್ದವು! ಅವಮಾನವೆಂದು ವಿಧಿಸಿದ್ದು ಕಡೆಗೆ ಕವಚವಾಯಿತು. ಆದರೆ ಒಳಗೆ ಪ್ರಾರ್ಥಿಸುತ್ತಿದ್ದವರಿಗೆ ಅಂಥ ಕವಚ ಸಿಗಲಿಲ್ಲ. ಕೊಲೆಯಾದ ಆಸ್ಟ್ರಿಯಾದ ಯೆಹೂದ್ಯರಲ್ಲಿ 64,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಕೆತ್ತಿದ ಕಲ್ಲಿನ ಗೋಡೆಗಳು ನಗರದಲ್ಲಿ ಅನಾವರಣಗೊಂಡದ್ದು 2021ರ ನವೆಂಬರಿನಲ್ಲಿ. ಹೆಸರು ಬರೆಯಲು ಇಷ್ಟು ಕಾಲ ಹಿಡಿಯಿತೇಕೆ ಎಂದು ಅಲ್ಲಿ ನಿಂತವರು ಕೇಳಿಕೊಳ್ಳದಿರಲಾರರು.

ಇಂಥದೇ ಪ್ರಶ್ನೆಯನ್ನು ನಮ್ಮ ಧರ್ಮಸಭೆಯೂ ಎದುರಿಸಬೇಕಾಗುತ್ತದೆ. 71ನೆಯ ನಂಬರಿನ ಟ್ರಾಮ್ ಹತ್ತಿದರೆ ನೀವು ಕೇಂದ್ರ ಸಮಾಧಿಭೂಮಿಯನ್ನು ತಲುಪುತ್ತೀರಿ. ಬೀಥೋವನ್, ಷೂಬರ್ಟ್ ಸಹಿತ ಸುಮಾರು ಮೂವತ್ತು ಲಕ್ಷ ಜನ ಅಲ್ಲಿ ಮಲಗಿದ್ದಾರೆ. ಎಲ್ಲ ಮತದವರಿಗೂ ಒಂದೇ ಆವರಣವೆಂದು ನಗರಸಭೆ ನಿರ್ಧರಿಸಿದಾಗ ಅನೇಕ ಕಥೋಲಿಕರು ಕಟುವಾಗಿ ವಿರೋಧಿಸಿದರು. ಗಲಭೆಯಾದೀತೆಂದು ಹೆದರಿ, 1874ರ ಅಕ್ಟೋಬರ್ 30ರಂದು ಕಾರ್ಡಿನಲ್ ರೌಷರ್ ಸದ್ದಿಲ್ಲದೆ ಅದನ್ನು ಆಶೀರ್ವದಿಸಿದರು. ನವೆಂಬರ್ ಒಂದರಂದು ಅದು ತೆರೆಯಿತು. ಇಂದು ಅಲ್ಲಿ ಕಥೋಲಿಕ, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್, ಯೆಹೂದ್ಯ, ಮುಸ್ಲಿಂ, ಬೌದ್ಧ ಸಮಾಧಿಗಳೆಲ್ಲ ಒಂದೇ ಮಂಜಿನಡಿ ಇವೆ.

ಅಲ್ಲಿಂದ ಇನ್ನೂ ಮುಂದೆ, ಧಾನ್ಯದ ಉಗ್ರಾಣಗಳಿರುವ ಆಲ್ಬರ್ನ್ ಬಂದರಿನ ಬದಿಯಲ್ಲಿ, ಪ್ರವಾಸಿಗರು ಅಷ್ಟಾಗಿ ಹೋಗದ ಪುಟ್ಟ ಜಾಗವೊಂದಿದೆ. ಅದರ ಹೆಸರೇ ಹೆಸರಿಲ್ಲದವರ ಸಮಾಧಿಭೂಮಿ. ಡ್ಯಾನ್ಯೂಬ್ ನದಿಯ ಸುಳಿ ಈ ದಡಕ್ಕೆ ಹೆಣಗಳನ್ನು ತಂದುಹಾಕುತ್ತಿತ್ತು. ಆಕಸ್ಮಿಕವಾಗಿ ಮುಳುಗಿದವರು, ಬದುಕು ಬೇಡವೆಂದು ಹಾರಿದವರು, ಕೊಲೆಗೀಡಾದವರು, ಯಾರೆಂದು ಹೇಳುವವರಿರಲಿಲ್ಲ. 1840ರಿಂದ 1900ರವರೆಗೆ ಹೂಳಿದ 478 ಮಂದಿಯ ಮೊದಲ ಸಮಾಧಿಭೂಮಿ ನೆರೆಯ ಹಾವಳಿಗೆ ಸಿಕ್ಕಿ ಪೊದೆಗಳಲ್ಲಿ ಮುಚ್ಚಿಹೋಯಿತು. ಆಮೇಲೆ ದಿಬ್ಬದ ಹಿಂದೆ ಮಾಡಿದ ಹೊಸದರಲ್ಲಿ 104 ಜನರಿದ್ದಾರೆ. ಅವರಲ್ಲಿ 61 ಮಂದಿಯ ಗುರುತು ಸಿಗಲೇ ಇಲ್ಲ. ಬಂದರು ಕಟ್ಟಿದ ಮೇಲೆ ನೀರಿನ ಹರಿವು ಬದಲಾಯಿತು. 1940ರ ನಂತರ ಅಲ್ಲಿ ಯಾರನ್ನೂ ಹೂಳಿಲ್ಲ.

ಆ ಪ್ರತಿಯೊಬ್ಬರಿಗೂ ಕಬ್ಬಿಣದ ಶಿಲುಬೆಯಿದೆ. ಜೋಸೆಫ್ ಫುಕ್ಸ್ ಎಂಬ ಸ್ಥಳೀಯರು ಸಂಬಳವಿಲ್ಲದೆ ದಶಕಗಳ ಕಾಲ ಈ ಸಮಾಧಿಗಳನ್ನು ನೋಡಿಕೊಂಡರು. ಸಕಲ ಸಂತರ ಹಬ್ಬದ ನಂತರದ ಮೊದಲ ಭಾನುವಾರ ಬೆಸ್ತರು ತೆಪ್ಪವೊಂದನ್ನು ಹೂಮಾಲೆ, ದೀಪಗಳಿಂದ ಸಿಂಗರಿಸಿ, ನದಿ ಬಲಿ ತೆಗೆದುಕೊಂಡವರಿಗಾಗಿ ಪ್ರಾರ್ಥಿಸಿ ಹೊಳೆಗೆ ಬಿಡುತ್ತಾರೆ. ಒಬ್ಬ ಜೋಸೆಫ್ ಚಕ್ರವರ್ತಿಯಾಗಿದ್ದು ಸತ್ತವರ ಖರ್ಚನ್ನು ಎಣಿಸಿದ. ಇನ್ನೊಬ್ಬ ಜೋಸೆಫ್ ಯಾರೂ ಅಳದ ಸತ್ತವರನ್ನು ತನ್ನವರೆಂದು ಎಣಿಸಿದ.

ಪ್ರಿಯರೇ, ಒಂಟಿ ಪ್ರವಾಸಿಗೆ ಪರದೇಶದಲ್ಲಿ ತನ್ನ ಹೆಸರು ಹಿಡಿದು ಕರೆಯುವವರಿರುವುದಿಲ್ಲ. ಬಹುಶಃ ಅದರಿಂದಲೇ ಆ ಶಿಲುಬೆಗಳ ಮುಂದೆ ಅವನ ಹೆಜ್ಜೆ ನಿಲ್ಲುತ್ತದೆ. ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಲ್ಲೂ ಬೇಲಿಯಂಚಿನಲ್ಲಿ ಹುಲ್ಲು ಬೆಳೆದ, ಹೆಸರು ಅಳಿಸಿಹೋದ ದಿಬ್ಬಗಳಿವೆಯಲ್ಲವೇ? ಈ ನವೆಂಬರ್ ಎರಡರಂದು ನಿಮ್ಮವರ ಸಮಾಧಿಗೆ ಮೇಣದಬತ್ತಿಗಳನ್ನು ಒಯ್ಯುವಾಗ ಒಂದನ್ನು ಹೆಚ್ಚಾಗಿ ಒಯ್ಯಿರಿ. ಅದನ್ನು ಯಾವ ದಿಬ್ಬದ ಮೇಲಿಡಬೇಕೆಂದು ಮಕ್ಕಳೇ ಆರಿಸಲಿ.