ಮುರಾಶಿಗೆ–ಸ್ಕೂಗ್ ಮಾಧ್ಯಮ

ಮುರಾಶಿಗೆ–ಸ್ಕೂಗ್ ಮಾಧ್ಯಮ ಅಥವಾ ಎಂಎಸ್ ಮಾಧ್ಯಮವು ಸಸ್ಯಗಳ ಅಂಗಾಂಶ ಕೃಷಿಯಲ್ಲಿ ಬಳಸುವ ಪೋಷಕ ಮಾಧ್ಯಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಲ್ಕೆ ಸ್ಕೂಗ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಸಂಶೋಧನೆ ನಡೆಸುತ್ತಿದ್ದ ತೋಶಿಯೊ ಮುರಾಶಿಗೆ ತಂಬಾಕಿನ ರಸದಲ್ಲಿ ಹೊಸ ಹಾರ್ಮೋನೊಂದನ್ನು ಹುಡುಕುತ್ತಿದ್ದರು. ಅದು ಸಿಗಲಿಲ್ಲ. ಆದರೆ ಎಲೆಯನ್ನು ಸುಟ್ಟ ಬೂದಿಯೂ ಅಂಗಾಂಶದ ಬೆಳವಣಿಗೆಯನ್ನು ಹೆಚ್ಚಿಸಿತು. ಬೂದಿಯಲ್ಲಿ ಹಾರ್ಮೋನು ಉಳಿಯುವುದಿಲ್ಲವಾದ್ದರಿಂದ ಇದಕ್ಕೆ ಬಹುಮಟ್ಟಿಗೆ ಖನಿಜ ಲವಣಗಳೇ ಕಾರಣವೆಂದು ತಿಳಿಯಿತು. ನೈಟ್ರೇಟ್, ಅಮೋನಿಯಂ, ಪೊಟ್ಯಾಸಿಯಂ ಅಧಿಕವಾಗಿರುವ ಈ ಮಿಶ್ರಣದ ವಿವರ 1962ರಲ್ಲಿ ಪ್ರಕಟವಾಯಿತು.

ಪ್ರಯೋಗಕ್ಕೆ ಬಳಸಿದ ಸಸ್ಯ ನಿಕೋಟಿಯಾನಾ ಟಬಾಕಂ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ ಭಾಗದ ಬೀಡಿ ತಂಬಾಕು ಕೂಡ ಇದೇ ಪ್ರಭೇದ. ನೆರೆಯ ರಾಯಬಾಗ, ಅಥಣಿ, ಕಾಗವಾಡಗಳ ಮುಖ್ಯ ಬೆಳೆಯಾದ ಕಬ್ಬಿನ ಅಂಗಾಂಶ ಕೃಷಿಗೂ ಸಾಮಾನ್ಯವಾಗಿ ಬಳಕೆಯಾಗುವುದು ಎಂಎಸ್ ಮಾಧ್ಯಮವೇ.