ವಿಳಾಸ

ವಿಳಾಸ (ನಾಮಪದ): ಊರು, ಬೀದಿ, ಮನೆ ಅಥವಾ ಅಂಗಡಿಯ ನೆಲೆಯನ್ನು ತಿಳಿಸುವ ಬರಹ.

‘ಹೊಳೆ, ಪ್ರಕಾಶಿಸು’ ಎಂಬ ಅರ್ಥದ ಸಂಸ್ಕೃತ ಧಾತು ‘ಲಸ್’ಗೆ ‘ವಿ’ ಉಪಸರ್ಗ ಸೇರಿ ಹುಟ್ಟಿದ ‘ವಿಲಾಸ’ಕ್ಕೆ ಮೂಲದಲ್ಲಿ ಶೋಭೆ, ಬೆಡಗು, ಲೀಲೆ ಎಂಬ ಅರ್ಥಗಳಿದ್ದು, ಮೈಸೂರಿನ ಅಂಬಾವಿಲಾಸ ಅರಮನೆಯ ಹೆಸರಿನಲ್ಲೂ ಹಳೆಯ ಹೋಟೆಲುಗಳ ಫಲಕಗಳಲ್ಲೂ ಆ ಶೋಭೆ ಇಂದಿಗೂ ಉಳಿದಿದೆ. ಲಕಾರ ಳಕಾರವಾದ ‘ವಿಳಾಸ’ ರೂಪವು ಹಳಗನ್ನಡದಲ್ಲಿಯೂ ಬೆಡಗನ್ನೇ ಸೂಚಿಸುತ್ತಿತ್ತು; ಕಾಗದದ ಮೇಲ್ಬರಹವೆಂಬ ಅರ್ಥ ಅನಂತರದ್ದು. ತಮಿಳಿನ ‘ವಿಲಾಸಂ’, ಮಲಯಾಳದ ‘ಮೇಲ್‌ವಿಲಾಸಂ’ ಪದಗಳಿಗೂ ಇದೇ ಅರ್ಥವಿದ್ದು, ಹಿಂದಿ ಮಾತ್ರ ‘ಪತಾ’ ಎನ್ನುತ್ತದೆ. ಅದರ ಬಂಧುವಾದ ಕನ್ನಡದ ‘ಪತ್ತೆ’ಯು ವಿಳಾಸವನ್ನಲ್ಲದೆ ಹುಡುಕಿ ಕಂಡುಕೊಳ್ಳುವುದನ್ನು ಹೇಳುವುದು ಗಮನಾರ್ಹ.

ಬೀದಿಯ ದರ್ಜಿಯನ್ನೋ ಬೇಕರಿಯನ್ನೋ ಗ್ರಾಹಕರು ಮೊಬೈಲಿನ ನಕ್ಷೆಯಲ್ಲಿ ಹುಡುಕುವ ಈ ಕಾಲದಲ್ಲಿ ಪದದ ಎರಡೂ ಅರ್ಥಗಳು ಮತ್ತೆ ಕೂಡಿಕೊಂಡಿವೆ, ಏಕೆಂದರೆ ಸರಿಯಾದ ವಿಳಾಸವಿಲ್ಲದ ಅಂಗಡಿ ಅಲ್ಲಿ ಹೊಳೆಯುವುದೇ ಇಲ್ಲ. ಸ್ಥಳೀಯ ಹುಡುಕಾಟದ ಫಲಿತಾಂಶಗಳನ್ನು ಗೂಗಲ್ ಮುಖ್ಯವಾಗಿ ಪ್ರಸ್ತುತತೆ, ದೂರ, ಪ್ರಸಿದ್ಧಿ ಎಂಬ ಮೂರು ಅಂಶಗಳಿಂದ ನಿರ್ಧರಿಸುತ್ತದೆ. ಇವುಗಳಲ್ಲಿ ದೂರದ ಲೆಕ್ಕ ನಕ್ಷೆಯ ಗುರುತನ್ನೇ ಅವಲಂಬಿಸಿದೆ. ಆದುದರಿಂದ ‘ಬಸ್ ನಿಲ್ದಾಣದ ಎದುರು’ ಎಂದಷ್ಟೇ ಬರೆಯುವುದು ಸಾಲದು. 1972ರಲ್ಲಿ ಜಾರಿಗೆ ಬಂದ 6 ಅಂಕಿಗಳ ಪಿನ್‌ಕೋಡ್ ಸಹಿತ ಪೂರ್ಣ ವಿಳಾಸವೂ, ಫಲಕದಲ್ಲಿರುವಂತೆಯೇ ಅಂಗಡಿಯ ಹೆಸರೂ, ಚಾಲ್ತಿಯಲ್ಲಿರುವ ದೂರವಾಣಿ ಸಂಖ್ಯೆಯೂ ಎಲ್ಲ ತಾಣಗಳಲ್ಲಿ ಒಂದೇ ರೀತಿ ಇರಬೇಕು. ಮಿಂಚಂಚೆಗೂ ಜಾಲತಾಣಕ್ಕೂ ಕನ್ನಡವು ಹೊಸ ಪದವನ್ನು ಅರಸದೆ ‘ವಿಳಾಸ’ವನ್ನೇ ಬಳಸಿಕೊಂಡಿರುವುದು ಉಚಿತವಾಗಿದೆ.