ಸಂಬಳವಿಲ್ಲದ ಸಂಜೆ ಪಾಳಿ

ಲಂಡನ್ನಿನ ಬೇಸ್‌ವಾಟರ್‌ನಲ್ಲಿ ಸೇಂಟ್ ಲ್ಯೂಕ್ಸ್ ಎಂಬ ಆಸ್ಪತ್ರೆಯಿತ್ತು. ಸಾವಿನಂಚಿನಲ್ಲಿರುವ ಬಡವರಿಗೆಂದೇ 1893ರಲ್ಲಿ ಶುರುವಾದದ್ದು. 1948ರಲ್ಲಿ ಸಿಸಿಲಿ ಸಾಂಡರ್ಸ್ ಎಂಬಾಕೆ ಹಗಲಿನ ಕೆಲಸ ಮುಗಿಸಿ, ಸಂಜೆ ಹೊತ್ತು ಅಲ್ಲಿಗೆ ಹೋಗತೊಡಗಿದರು. ಯುದ್ಧಕಾಲದಲ್ಲಿ ನರ್ಸಿಂಗ್ ಕಲಿತವರು. ಬೆನ್ನುನೋವು ಕಾಡಿ ಆ ಉದ್ಯೋಗ ಬಿಟ್ಟು, ಬೇರೊಂದು ಆಸ್ಪತ್ರೆಯಲ್ಲಿ ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಕೆಲಸಕ್ಕೆ ಸೇರಿದ್ದರು. ಸೇಂಟ್ ಲ್ಯೂಕ್ಸ್‌ನಲ್ಲಿ ಸಂಬಳವಿಲ್ಲ. ಇಂದಿನ ಹಾಸ್ಪಿಸ್‌ಗಳ ಬೇರು ಹುಡುಕಿಕೊಂಡು ಹೋದರೆ ಈ ಸಂಜೆಗಳಿಗೇ ಬಂದು ನಿಲ್ಲಬೇಕಾಗುತ್ತದೆ.

ಅದೇ ಫೆಬ್ರುವರಿಯಲ್ಲಿ ಡೇವಿಡ್ ಟಾಸ್ಮಾ ತೀರಿಕೊಂಡಿದ್ದರು. ವಾರ್ಸಾದಿಂದ ಬಂದು ಲಂಡನ್ನಿನಲ್ಲಿ ಹೋಟೆಲ್ ಮಾಣಿಯಾಗಿದ್ದ ಯಹೂದಿ, ನಲವತ್ತಕ್ಕೇ ಕ್ಯಾನ್ಸರ್. ತನ್ನವರೆಂಬವರಿಲ್ಲದ ಆತನ ಹಾಸಿಗೆ ಪಕ್ಕ ಸಾಂಡರ್ಸ್ ಕೂರುತ್ತಿದ್ದರು. ಇಂಥವರಿಗಾಗಿ ಒಂದು ಮನೆ ಇದ್ದರೆ ಎಂಬ ಮಾತು ಇಬ್ಬರ ನಡುವೆ ಬಂದಿತ್ತು. ಆತ 500 ಪೌಂಡ್ ಬಿಟ್ಟುಹೋದರು, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆಂದು.

ದುಃಖದಲ್ಲಿ ಸೇವೆಗಿಳಿದವರು ಬೇಕಾದಷ್ಟು ಜನ. ಸಾಂಡರ್ಸ್ ಕತೆ ಬೇರೆಯಾಗುವುದು ಸೇಂಟ್ ಲ್ಯೂಕ್ಸ್‌ನಲ್ಲಿ ಅವರ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿಯಿಂದ. ಆಗಿನ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿ ನೋವು ತಾಳಲಾರದೆ ಕೇಳಿದ ಮೇಲಷ್ಟೇ ಮಾರ್ಫಿನ್. ಚಟ ಹತ್ತೀತೆಂಬ ಭಯ. ನೋವು ಬರಬೇಕು, ಕೂಗಬೇಕು, ಕಾಯಬೇಕು. ಸೇಂಟ್ ಲ್ಯೂಕ್ಸ್‌ನಲ್ಲಿ ಹಾಗಲ್ಲ. ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ, ಬಾಯಿಗೆ ಔಷಧಿ ಹಾಕುತ್ತಿದ್ದರು. ರೋಗಿಗಳು ಎಚ್ಚರವಿದ್ದು ಮಾತಾಡುತ್ತಿದ್ದರು. ಹೆಸರಾಂತ ಆಸ್ಪತ್ರೆಯ ತರಬೇತಿ ಕಲಿಸದ ಪಾಠವನ್ನು ಬಿಟ್ಟಿ ಚಾಕರಿ ಕಲಿಸಿತು. ಸ್ವಯಂಸೇವೆಯ ಪ್ರತಿಫಲವೆಂದರೆ ನಮ್ಮಲ್ಲಿ ಪುಣ್ಯವೆಂದೋ ಮನಶ್ಶಾಂತಿಯೆಂದೋ ಹೇಳುವುದು ರೂಢಿ. ಸಾಂಡರ್ಸ್‌ಗೆ ಸಿಕ್ಕಿದ್ದು ತಿಳಿವಳಿಕೆ, ಮತ್ತು ಅದು ಅವರನ್ನು ಶಾಂತವಾಗಿರಲು ಬಿಡಲಿಲ್ಲ.

ನರ್ಸ್ ಹೇಳಿದರೆ ಯಾರೂ ಕೇಳುವುದಿಲ್ಲ, ವೈದ್ಯಕೀಯ ಓದು ಎಂದು ಶಸ್ತ್ರವೈದ್ಯರೊಬ್ಬರು ಬುದ್ಧಿ ಹೇಳಿದರು. ಮೂವತ್ತಮೂರರ ಹರೆಯದಲ್ಲಿ ಕಾಲೇಜು ಸೇರಿ 1957ರಲ್ಲಿ ಡಾಕ್ಟರಾದರು. ಮರುವರ್ಷ ಹ್ಯಾಕ್ನಿಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್ ಸೇರಿ, ಹೊತ್ತಿಗೆ ಸರಿಯಾಗಿ ಔಷಧಿ ಕೊಡುವ ಕ್ರಮ ತಂದು, ಅದರಿಂದಾದದ್ದನ್ನು ಬರೆದಿಟ್ಟರು. 1967ರಲ್ಲಿ ಸಿಡನಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು. ಟಾಸ್ಮಾರ ಕಿಟಕಿಯೂ ಅಲ್ಲಿದೆ. ನೋವೆಂದರೆ ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ದುಡ್ಡಿನ ಚಿಂತೆಯದು, ನಂಬಿಕೆಯದು, ಎಲ್ಲ ಸೇರಿದ್ದು ಎಂಬುದು ಸಾಂಡರ್ಸ್ ವಾದ. ಹಾಗಿದ್ದ ಮೇಲೆ ಡಾಕ್ಟರೊಬ್ಬರಿಂದ ಆಗುವ ಕೆಲಸವಲ್ಲ. ಅಲ್ಲಿ ಮೊದಲಿನಿಂದಲೂ ಸ್ವಯಂಸೇವಕರಿದ್ದರು.

ಭಾರತದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬೈನ ಬಾಂದ್ರಾದಲ್ಲಿ ಆರಂಭವಾದ ಶಾಂತಿ ಆವೇದನಾ. ಅದರ ಹಿಂದಿನ ವರ್ಷವೇ ಮಾದಕ ವಸ್ತು ಕಾಯ್ದೆ ಬಂದು ಮಾರ್ಫಿನ್ ಸಿಗುವುದು ದುಸ್ತರವಾಗಿತ್ತು. ಅಫೀಮು ಬೆಳೆದು ಹೊರದೇಶಕ್ಕೆ ಮಾರುವ ದೇಶದಲ್ಲಿ! ಆ ಕಾಯ್ದೆ ಸಡಿಲವಾಗಲು 2014 ಬರಬೇಕಾಯಿತು. ಬೆಂಗಳೂರಿನ ಮಾರತಹಳ್ಳಿಯಲ್ಲಿ ಕರುಣಾಶ್ರಯ 1999ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ.

ಆದರೆ ಸ್ವಯಂಸೇವಕರ ಸ್ಥಾನವನ್ನೇ ತಲೆಕೆಳಗು ಮಾಡಿದ್ದು ಕೇರಳ. ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಉಪಶಮನ ಆರೈಕೆಯ ಸಂಘ ಕಟ್ಟಿದರು. ಕ್ಲಿನಿಕ್‌ಗೆ ಬರಲಾಗದವರು ಮನೆಗಳಲ್ಲಿ ಮಲಗಿದ್ದಾರೆಂಬುದು ಬೇಗನೆ ಅರಿವಾಯಿತು. ಹೊಸ ಶತಮಾನದ ಆರಂಭದಲ್ಲಿ ಮಲಪ್ಪುರಂ ಮತ್ತು ನೆರೆಯ ಜಿಲ್ಲೆಗಳಲ್ಲಿ ನೆರೆಹೊರೆಯ ಜಾಲ ಹುಟ್ಟಿತು. ಸೇರಬೇಕೆಂದವರಿಂದ ಕೇಳಿದ್ದು ವಾರಕ್ಕೆ ಕನಿಷ್ಠ ಎರಡು ಗಂಟೆ, ಮತ್ತು ತರಬೇತಿ. ಊರವರೇ ಸಣ್ಣ ಸಣ್ಣ ದೇಣಿಗೆ ಕೂಡಿಸಿ ಘಟಕ ನಡೆಸುತ್ತಾರೆ. ಡಾಕ್ಟರು, ನರ್ಸುಗಳನ್ನು ಗೊತ್ತುಮಾಡಿಕೊಳ್ಳುವವರೂ ಅವರೇ.

2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿ ಹೊರಡಿಸಿತು. ದೇಶದಲ್ಲಿ ಅಂಥದ್ದು ಮೊದಲು. ಮನೆಗೆ ಹೋಗಿ ನೋಡುವ ಕೆಲಸ ಪಂಚಾಯಿತಿಗಳ ಲೆಕ್ಕಕ್ಕೂ ಸೇರಿತು. ಮನೆಗೆ ಹೋದವರು ಬೆನ್ನಹುಣ್ಣಿನ ಜೊತೆಗೆ ಅಕ್ಕಿಯಿಲ್ಲದ ಡಬ್ಬಿಯನ್ನೂ ಶಾಲೆ ಬಿಟ್ಟ ಮಗುವನ್ನೂ ನೋಡುತ್ತಾರೆ. ಹಾಗಾಗಿ ಆ ಊರುಗಳಲ್ಲಿ ಉಪಶಮನ ಆರೈಕೆಯೆಂದರೆ ಮಾರ್ಫಿನ್ ಜೊತೆಗೆ ಮನೆಗೆ ಅಕ್ಕಿ, ಮಕ್ಕಳ ಓದಿಗೆ ನೆರವು ಎಂದೂ ಆಯಿತು.